ಆರನೇ ಕ್ಲಾಸಿಗೆ ನಾಲ್ಕು ಶಾಲೆ ನೋಡಿದೆವು: ಶಿರಸಿ ಕಡೆಯ ಒಬ್ಬ ಆಯಿಯ ವರದಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾವ ಶಾಲೆಯ ಹೆಸರೂ ಇಲ್ಲ. ಶಿರಸಿ ಸಣ್ಣ ಊರು. ಒಂದು ಶಾಲೆಯ ಹೆಡ್ ಮಾಸ್ತರು ನಮ್ಮ ಭಾವನ ಕಡೆಯಿಂದ ನೆಂಟರು, ಇನ್ನೊಂದರ ಆಡಳಿತ ಮಂಡಳಿಯಲ್ಲಿ ಇರುವವರು ಅಡಿಕೆ ಮಾರಲು ಹೋದಾಗಲೆಲ್ಲ ಎದುರು ಸಿಗುವವರು. ಹಾಗಾಗಿ ಹೆಸರು ಬಿಡಿ. ಓದಲು ಕಷ್ಟಪಡುವ ಮಗನಿಗೆ ಶಾಲೆ ಹುಡುಕುವಾಗ ನಾವು ಏನು ನೋಡಿದೆವು, ಏನು ಕೇಳಿದೆವು, ಎಲ್ಲಿ ಮೋಸ ಹೋಗುವುದರಲ್ಲಿದ್ದೆವು ಅನ್ನುವುದಷ್ಟೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಇಂಥದ್ದೊಂದು ಬರಹ ಸಿಕ್ಕಿದ್ದರೆ ನನಗೆ ಬಹಳ ಅಲೆದಾಟ ತಪ್ಪುತ್ತಿತ್ತು.

ನಮ್ಮ ಮಾಣಿಗೆ, ಅಂದರೆ ಮಗನಿಗೆ, ಈಗ ಹನ್ನೊಂದು. ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಕೊನೆಕೊಯ್ಲಿನ ಹೊತ್ತಿಗೆ ಯಾವ ಮರದಿಂದ ಎಷ್ಟು ಕೊನೆ ಇಳಿಯಿತು ಅಂತ ಅಜ್ಜ ಮರೆತರೂ ಇವನು ಮರೆಯುವುದಿಲ್ಲ. ತಾಳಮದ್ದಲೆ ಒಮ್ಮೆ ಕೇಳಿ ಬಂದರೆ ಮರುದಿನ ಕೊಟ್ಟಿಗೆಯಲ್ಲಿ ದನಗಳ ಎದುರು ಅರ್ಧ ಅರ್ಥ ಹೇಳಿ ಮುಗಿಸಿರುತ್ತಾನೆ. ಆದರೆ ಪುಸ್ತಕ ಹಿಡಿದರೆ ಬೇರೆಯೇ ಹುಡುಗ. "ಕರ್ನಾಟಕ" ಅನ್ನುವುದನ್ನು ಐದನೇ ಕ್ಲಾಸಿನಲ್ಲೂ "ಕನಾರ್ಟಕ" ಅಂತ ಓದುತ್ತಿದ್ದ. ನಗಬೇಡಿ, ಒಮ್ಮೆ ಕೈಯಲ್ಲಿ ಬರೆದು ನೋಡಿ. ಕ ಬರೆದಿರಿ, ನಾ ಬರೆದಿರಿ, ಅದಾದ ಮೇಲೆ ಅರ್ಕಾವತ್ತು ಹಾಕಿದಿರಿ. ಕಣ್ಣು ಹೋದ ದಾರಿಯಲ್ಲೇ ನಾಲಿಗೆ ಹೋದರೆ ಕನಾರ್ಟಕವೇ ಬರುತ್ತದೆ, ಅಲ್ವಾ? ಆಮೇಲೆ ಬರೆದದ್ದನ್ನು ಮೊದಲು ಓದಬೇಕು ಅಂತ ನಮಗೆಲ್ಲ ಸಣ್ಣವರಿದ್ದಾಗ ಯಾರೋ ಹೇಳಿದರು, ನಾವು ಒಪ್ಪಿಕೊಂಡೆವು, ಒಪ್ಪಿಕೊಂಡದ್ದೂ ಮರೆತುಹೋಗಿದೆ. ಇವನು ಅದನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸಬೇಕು. ಪ, ಷ, ಫ, ಘ ಹತ್ತಿರ ಹತ್ತಿರ ಬಂದರೆ ಮುಗಿಯಿತು. ಒಂದು ಗೀಟು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಕ್ಲಾಸು ಮುಂದಿನ ಪುಟಕ್ಕೆ ಹೋಗಿರುತ್ತದೆ.

ಮೂರನೇ ಕ್ಲಾಸಿನವರೆಗೆ ಇದು ನಮಗೆ ಗೊತ್ತೇ ಆಗಲಿಲ್ಲ. ಊರಿನ ಕಿರಿಯ ಪ್ರಾಥಮಿಕ ಶಾಲೆ, ನಲಿ-ಕಲಿ. ನೋಡಿದವರಿಗೆ ಗೊತ್ತು, ಅಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ, ರ ಗ ಸ ದ ಅ ಅಂತ ಶುರು. ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ, ಗುಂಪಿಗೊಂದು ತಟ್ಟೆ, ಹಾಡು, ಆಟ. ಇವನು ಕಾರ್ಡಿನ ಚಿತ್ರ ನೋಡಿಯೇ ಪಾಠ ಹೇಳುತ್ತಿದ್ದ. ಓದುತ್ತಿದ್ದಾನೆ ಅಂತ ನಾವೂ ಅಂದುಕೊಂಡೆವು, ಅಕ್ಕೋರೂ ಅಂದುಕೊಂಡರು. ನಾಲ್ಕಕ್ಕೆ ಬಂದ ಮೇಲೆ ಚಿತ್ರ ಕಡಿಮೆ ಆಯಿತು, ಬೋರ್ಡಿನಿಂದ ನೋಡಿ ಬರೆಯುವುದು ಜಾಸ್ತಿ ಆಯಿತು. ಅಲ್ಲಿಂದ ದಿನಾ ಹೊಟ್ಟೆನೋವು.

"ಹುಷಾರಿದ್ದಾನೆ, ಲಕ್ಷ್ಯ ಇಲ್ಲ" ಅಂತ ಶಾಲೆಯಲ್ಲಿ ಹೇಳಿದರು. ಮೊಬೈಲ್ ಜಾಸ್ತಿ ಆಗಿದೆ ಅಂತ ನಮ್ಮನೆಯವರು. ಅತ್ತೆ ವರ್ಷವಿಡೀ ಒಂದೆಲಗದ ತಂಬುಳಿ ಮಾಡಿ ಹಾಕಿದರು, ನೆನಪಿನ ಶಕ್ತಿಗೆ. ತಂಬುಳಿ ರುಚಿ, ಅದರಲ್ಲಿ ತಕರಾರಿಲ್ಲ. ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಸಂಜೆ ಕೂರಿಸಿಕೊಂಡು ಒಂದೇ ಪುಟ ಹತ್ತು ಸಲ ಬರೆಸಿದೆ. ಹತ್ತನೇ ಸಲ ಬರೆದದ್ದರಲ್ಲಿ ಮೊದಲ ಸಲಕ್ಕಿಂತ ಜಾಸ್ತಿ ತಪ್ಪಿತ್ತು.

ಆಮೇಲೆ ಕಣ್ಣು ತೋರಿಸಿದೆವು, ಕಿವಿ ತೋರಿಸಿದೆವು, ಎರಡೂ ಸರಿ ಇತ್ತು. ಇದನ್ನು ಯಾರೂ ಬಿಡಬೇಡಿ. ಬೋರ್ಡು ಕಾಣದ್ದಕ್ಕೆ ದಡ್ಡ ಅನ್ನಿಸಿಕೊಂಡ ಮಕ್ಕಳೂ ಇದ್ದಾರೆ. ಕೊನೆಗೆ ಹುಬ್ಬಳ್ಳಿ ಮೇಲೆ ಹಾದು ಧಾರವಾಡಕ್ಕೆ ಹೋಗಿ ಪರೀಕ್ಷೆ ಮಾಡಿಸಿದೆವು. ಬುದ್ಧಿಶಕ್ತಿಯ ಪರೀಕ್ಷೆ ಬೇರೆ, ಓದು-ಬರಹ-ಲೆಕ್ಕದ ಪರೀಕ್ಷೆ ಬೇರೆ. ಎರಡನೆಯದಕ್ಕೆ ನಮ್ಮ ದೇಶದಲ್ಲಿ ನಿಮ್ಹಾನ್ಸ್‌ನವರು ರೂಪಿಸಿದ್ದನ್ನು ಬಹಳ ಕಡೆ ಬಳಸುತ್ತಾರೆ. ಬುದ್ಧಿಗೆ ಏನೂ ಕಡಿಮೆ ಇಲ್ಲ, ಓದು ಮಾತ್ರ ಎರಡು ಮೂರು ಕ್ಲಾಸು ಹಿಂದೆ, ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ ಅಂತ ಹೇಳಿದರು. ವಾಪಸ್ ಬರುವಾಗ ಮುಂಡಗೋಡ ದಾಟುವ ತನಕ ನಾವಿಬ್ಬರೂ ಮಾತಾಡಲಿಲ್ಲ. ಅವನು ಮಾತ್ರ ಕಿಟಕಿ ಪಕ್ಕ ಕೂತು ಶೇಂಗಾ ತಿನ್ನುತ್ತಾ, ಅಲ್ಲಿ ಕೊಟ್ಟ ಬ್ಲಾಕ್ ಜೋಡಿಸುವ ಆಟ ಮನೆಗೂ ತರಬಹುದಿತ್ತು ಅಂತ ಹೇಳುತ್ತಿದ್ದ.

ಐದು ಮುಗಿಯುತ್ತಿದ್ದ ಹಾಗೆ ಶಾಲೆ ಬದಲಿಸಲೇಬೇಕಿತ್ತು. ಊರಿನ ಶಾಲೆ ಐದಕ್ಕೇ ಮುಗಿಯುತ್ತದೆ. ಆರಕ್ಕೆ ಬಂದರೆ ಏನೇನು ಬದಲಾಗುತ್ತದೆ ಅಂತ ನಾನು ಸರಿಯಾಗಿ ಯೋಚಿಸಿದ್ದೇ ಆಗ. ಒಬ್ಬರೇ ಅಕ್ಕೋರು ದಿನವಿಡೀ ಇರುವುದು ಹೋಗುತ್ತದೆ, ವಿಷಯಕ್ಕೊಬ್ಬರು ಬರುತ್ತಾರೆ. ಸಮಾಜ, ವಿಜ್ಞಾನಕ್ಕೆ ನೋಟ್ಸು. ಎಲ್ಲಕ್ಕಿಂತ ದೊಡ್ಡದು ಹಿಂದಿ. ನಮ್ಮ ರಾಜ್ಯದ ಶಾಲೆಗಳಲ್ಲಿ ಮೂರನೇ ಭಾಷೆ ಶುರುವಾಗುವುದು ಆರನೇ ಕ್ಲಾಸಿನಿಂದ. ಕನ್ನಡ ಅಕ್ಷರವೇ ಇನ್ನೂ ಕೈಗೆ ಹತ್ತಿಲ್ಲ, ಇಂಗ್ಲಿಷಿನ ಬಿ ಮತ್ತು ಡಿ ಒಂದಕ್ಕೊಂದು ಬದಲಾಗುತ್ತಿವೆ, ಅದರ ಮೇಲೆ ಇನ್ನೊಂದು ಲಿಪಿ. ಹಿಂದಿಯಲ್ಲಿ ನಮ್ಮ ಗುಡಿಸಿನ ಜಾಗದಲ್ಲಿ ಬರುವ ಗುರುತನ್ನು ಅಕ್ಷರದ ಎಡಗಡೆ ಬರೆಯುತ್ತಾರೆ, ಓದುವುದು ಅಕ್ಷರ ಆದ ಮೇಲೆ. ಅರ್ಕಾವತ್ತಿನ ಅಣ್ಣ ಅಂತಲೇ ಹೇಳಬೇಕು.

ಅಷ್ಟರಲ್ಲಿ ಬಂದವರೆಲ್ಲ ನವೋದಯ ಬರೆಸಿ, ಮೊರಾರ್ಜಿ ಬರೆಸಿ ಅನ್ನುತ್ತಿದ್ದರು, ಆ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ. ನಮ್ಮ ಕಡೆ ಐದನೇ ಕ್ಲಾಸಿನ ಮಗು ಇರುವ ಮನೆಗೆ ಬಂದವರು ಚಾ ಕುಡಿದು ಇದೊಂದು ಹೇಳದೆ ಏಳುವುದಿಲ್ಲ. ಮುಂಡಗೋಡದ ನವೋದಯ ಒಳ್ಳೆಯದೇ, ಬೇಡ ಅಂದವರಾರು. ಆದರೆ ಅದಕ್ಕೆ ಎರಡು ತಾಸಿನಲ್ಲಿ 80 ಪ್ರಶ್ನೆ, ಅದರಲ್ಲಿ ಭಾಷೆಯ ಭಾಗ ಪೂರ್ತಿ ಓದಿ ಉತ್ತರಿಸುವಂಥದ್ದು. ಒಂದು ಪ್ಯಾರಾ ಓದಲು ಇವನಿಗೆ ಹತ್ತು ನಿಮಿಷ. ಕೋಚಿಂಗ್ ಅಂತ ಅವನ ಬೇಸಿಗೆ ಹಾಳು ಮಾಡಲು ಮನಸ್ಸಾಗಲಿಲ್ಲ.

ಮಾರಿಕಾಂಬಾ ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ ಅಂದರು ನಮ್ಮನೆಯವರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆ ಹೊತ್ತಿನಲ್ಲಿ ಶಿರಸಿ ಪೇಟೆಯಲ್ಲಿ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಅದು ಮುಗಿದ ಮೇಲೆ ಹೊರಟೆವು.

ಮೊದಲನೆಯದು ಪೇಟೆಯ ದೊಡ್ಡ ಇಂಗ್ಲಿಷ್ ಮೀಡಿಯಂ. ಗೇಟಿನಲ್ಲಿ ಎಸ್ಸೆಸ್ಸೆಲ್ಸಿ ಫ್ಲೆಕ್ಸು, 625ಕ್ಕೆ ಆರುನೂರರ ಮೇಲೆ ತೆಗೆದ ಮಕ್ಕಳ ಫೋಟೋ ಸಾಲು. ಆಫೀಸಿನಲ್ಲಿ ಕಪ್ಪುಗಳ ಕಪಾಟು. ಮಾತು ಬಹಳ ಚಂದ. "ನಾವು ಎಲ್ಲ ಮಕ್ಕಳನ್ನೂ ಒಂದೇ ಥರ ನೋಡುತ್ತೇವೆ" ಅಂದರು. ನನಗೆ ಅದು ಆಗ ಹಿಡಿಸಿತು, ನಿಜ ಹೇಳಬೇಕೆಂದರೆ. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಹೊಳೆಯಿತು, ಒಂದೇ ಥರ ನೋಡಿದ್ದಕ್ಕೇ ಅಲ್ವಾ ಇವನು ಇಷ್ಟು ಹಿಂದೆ ಉಳಿದದ್ದು.

ಧಾರವಾಡದ ವರದಿ ಮೇಜಿನ ಮೇಲಿಟ್ಟೆ. ಮೊದಲ ಪುಟ ನೋಡಿದರು, ತಿರುಗಿಸಲಿಲ್ಲ. ಆಮೇಲೆ ಮಾಣಿಯನ್ನು ಒಳಗೆ ಕರೆದು ಇಂಗ್ಲಿಷ್ ಪುಸ್ತಕ ಬಿಡಿಸಿ, "ಇಷ್ಟು ಓದು ನೋಡೋಣ" ಅಂದರು. ವರದಿಯಲ್ಲಿ ಬರೆದದ್ದೇ ಅದು, ಇವನಿಗೆ ಓದಲು ಕಷ್ಟ ಅಂತ. ಅವನು ಬೆರಳಿಟ್ಟ. ಮೊದಲ ಪದ ಬಂತು, ಎರಡನೆಯದೂ ಬಂತು, ಮೂರನೆಯದರ ಮೇಲೆ ಬೆರಳು ನಿಂತೇಬಿಟ್ಟಿತು. ಫ್ಯಾನಿನ ಸದ್ದು ಕೇಳುತ್ತಿತ್ತು. ಸೀಟು ನೋಡಿ ಫೋನ್ ಮಾಡುತ್ತೇವೆ ಅಂದರು. ಫೋನ್ ಬರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಏನು ಹೇಳುತ್ತದೆ ಅಂತ ಗೊತ್ತಿರಲಿ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಅಪ್ಪ-ಅಮ್ಮನಿಗಾಗಲಿ ಇಂಥ ಪರೀಕ್ಷೆ ಇಡುವ ಹಾಗಿಲ್ಲ. ಮೊದಲ ಸಲ ಇಟ್ಟರೆ 25,000 ರೂಪಾಯಿ ತನಕ ದಂಡ, ಮತ್ತೆ ಮತ್ತೆ ಇಟ್ಟರೆ ಪ್ರತಿ ಸಲಕ್ಕೂ 50,000 ತನಕ. ಇದು ನನಗೆ ಆ ದಿನವೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಜಗಳ ಮಾಡಿ ಸೇರಿಸಿದ ಶಾಲೆಯಲ್ಲಿ ಮಗು ದಿನಾ ಏಳು ತಾಸು ಕೂರಬೇಕಲ್ಲ ಅಂತ. ನಾನು ಮಾಡಿದ್ದು ಸರಿಯೋ ತಪ್ಪೋ, ನೀವು ನಿಮ್ಮ ಧೈರ್ಯ ನೋಡಿಕೊಂಡು ಮಾಡಿ. ಹೊರಗೆ ಬಂದು ಅವನು ಕೇಳಿದ್ದು ಒಂದೇ, "ಆಯಿ, ಇಲ್ಲಿ ಗ್ರೌಂಡ್ ಇದ್ದಾ?" ಅಂತ. ಯಾರೂ ಅವನಿಗೆ ಗ್ರೌಂಡ್ ತೋರಿಸಿರಲಿಲ್ಲ.

ಎರಡನೆಯದಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಹಾಸ್ಟೆಲ್ ಇರುವ ಶಾಲೆ. "ಒಂದು ವರ್ಷ ಬಿಡಿ, ಸರಿ ಮಾಡಿ ಕೊಡುತ್ತೇವೆ, ಇಲ್ಲಿ ಶಿಸ್ತು ಅಂದರೆ ಶಿಸ್ತು" ಅಂದರು. ಸೈಕಲ್ ಪಂಕ್ಚರಿನ ಅಂಗಡಿಯಲ್ಲೂ ಇದಕ್ಕಿಂತ ಎರಡು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಹೀಗೆ ಗ್ಯಾರಂಟಿ ಕೊಡುವವರು ಸಿಕ್ಕರೆ ಚಾ ಕುಡಿದು ಬನ್ನಿ, ದುಡ್ಡು ಕೊಟ್ಟು ಬರಬೇಡಿ. ಡಿಸ್ಲೆಕ್ಸಿಯಾ ವಾಸಿ ಆಗಿ ಹೋಗುವ ಜ್ವರ ಅಲ್ಲ. ಬೇರೆ ದಾರಿಯಲ್ಲಿ ಕಲಿಸಿದರೆ ಓದು ಬರುತ್ತದೆ, ಆದರೆ ನಿಧಾನ ಇದ್ದೇ ಇರುತ್ತದೆ.

ಮೂರನೆಯದು ಘಟ್ಟದ ಕೆಳಗೆ, ಕುಮಟಾ ಸೀಮೆಯಲ್ಲಿ. ಅಕ್ಕ ಅಲ್ಲಿದ್ದಾಳೆ, ಅವಳೇ ಹುಡುಕಿದ್ದು. ದೇವಿಮನೆ ಘಟ್ಟ ಇಳಿದು ಹೋದೆವು, ಮಾಣಿ ಒಂದು ಸಲ ವಾಂತಿ ಮಾಡಿಕೊಂಡ. ಈ ಶಾಲೆಯ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಇಂಥ ಮಕ್ಕಳಿಗೆ ಅಂತಲೇ ಒಬ್ಬರು ಟೀಚರು, ಅವರಿಗೊಂದು ಸಣ್ಣ ಕೋಣೆ. ಮರಳು ತುಂಬಿದ ತಟ್ಟೆ, ಅದರಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು. ಒತ್ತಕ್ಷರಕ್ಕೆ ಎರಡು ತುಂಡಿನ ಕಾರ್ಡು, ಮೇಲಿನದು ಒಂದು ಬಣ್ಣ, ಕೆಳಗಿನದು ಇನ್ನೊಂದು ಬಣ್ಣ, ಜೋಡಿಸಿದರೆ ಅಕ್ಷರ ಆಗುತ್ತದೆ. ಪ್ರತಿ ಮಗುವಿಗೂ ಒಂದು ಹಾಳೆ, ಈ ಮೂರು ತಿಂಗಳಲ್ಲಿ ಇಷ್ಟು ಕಲಿಯಬೇಕು ಅಂತ. ಆ ಟೀಚರು ವರದಿಯನ್ನು ಕೊನೆಯ ಪುಟದ ತನಕ ಓದಿದರು, ಓದುತ್ತಾ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ನನಗೆ ಕಣ್ಣಲ್ಲಿ ನೀರು ಬಂತು, ಸುಮ್ನೆ ಹೇಳುತ್ತಿಲ್ಲ.

ಹಾಗಾದರೆ ಯಾಕೆ ಸೇರಿಸಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಒಂದು, ಆ ಕೋಣೆಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಯಾವ ಪಿರಿಯಡ್ಡಿನಲ್ಲಿ ಅಂತ ಕೇಳಿದೆ. ಚಿತ್ರಕಲೆ ಮತ್ತು ಆಟದ ಪಿರಿಯಡ್ಡಿನಲ್ಲಂತೆ, ಪಾಠ ತಪ್ಪಬಾರದಲ್ಲ ಅಂತ. ದಿನದಲ್ಲಿ ಇವನು ಗೆಲ್ಲುವುದು ಆ ಎರಡರಲ್ಲೇ. ಇದನ್ನು ಎಲ್ಲರೂ ಕೇಳಿ, ವಿಶೇಷ ಟೀಚರು ಇದ್ದಾರೆ ಅಂದ ತಕ್ಷಣ ಕುಣಿಯಬೇಡಿ, ಯಾವ ಹೊತ್ತಿನಲ್ಲಿ ಕರೆಯುತ್ತಾರೆ, ವಾರಕ್ಕೆ ಎಷ್ಟು ಸಲ, ಉಳಿದ ಹೊತ್ತು ಕ್ಲಾಸಿನಲ್ಲಿ ಏನು ಮಾಡುತ್ತಾರೆ ಅಂತ ಕೇಳಿ. ಇನ್ನೊಂದು ಕಾರಣ, ಅವನು ಅಕ್ಕನ ಮನೆಯಲ್ಲಿ ಇರಬೇಕಿತ್ತು. ದೊಡ್ಡಾಯಿ ಅಂದರೆ ಅವನಿಗೆ ಪ್ರೀತಿ, ಊಟ-ತಿಂಡಿಗೆ ಯೋಚನೆ ಇಲ್ಲ. ಆದರೆ ಅಜ್ಜನ ಜೊತೆ ತೋಟಕ್ಕೆ ಹೋಗುವುದು ತಪ್ಪುತ್ತದೆ. ಶಾಲೆಯಲ್ಲಿ ದಿನವಿಡೀ ಸೋತು ಬಂದ ಹುಡುಗ ಸಂಜೆ ಐದಕ್ಕೆ ತೋಟದಲ್ಲಿ ಯಜಮಾನ ಆಗುತ್ತಾನೆ, ನಾನು ನೋಡಿದ್ದೇನೆ. ಅದನ್ನು ಕಿತ್ತುಕೊಂಡು ಮರಳಿನ ತಟ್ಟೆ ಕೊಡಲು ಕೈ ಬರಲಿಲ್ಲ. ಮನೆ ಹತ್ತಿರ ಇದ್ದಿದ್ದರೆ ಖಂಡಿತ ಅಲ್ಲೇ ಹಾಕುತ್ತಿದ್ದೆ.

ನಾಲ್ಕನೆಯದು ನಮ್ಮ ಊರಿನಿಂದ ನಾಲ್ಕು ಕಿಲೋಮೀಟರ್, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಜನರ ಬಾಯಲ್ಲಿ ಕನ್ನಡ ಶಾಲೆ. ನಾನು ಅಲ್ಲಿಗೆ ಹೋದದ್ದು ಉತ್ಸಾಹದಿಂದ ಅಲ್ಲ. ಬೇರೆ ದಾರಿ ಉಳಿದಿರಲಿಲ್ಲ. ಹಂಚಿನ ಮಾಡು, ಅಂಗಳದಲ್ಲಿ ಹಲಸಿನ ಮರ, ಆರನೇ ಕ್ಲಾಸಿನಲ್ಲಿ ಹದಿನಾರು ಮಕ್ಕಳು.

ಅಷ್ಟು ಹೊತ್ತಿಗೆ ನನಗೆ ಒಂದು ಉಪಾಯ ಸಿಕ್ಕಿತ್ತು. ಓದಿನಲ್ಲಿ ಹಿಂದೆ ಇರುವ ಒಂದು ಮಗುವಿನ ಪಟ್ಟಿ (ನೋಟ್ ಪುಸ್ತಕ) ತೋರಿಸಿ, ಹೆಸರು ಮುಚ್ಚಿ ತೋರಿಸಿದರೆ ಸಾಕು ಅಂತ ಕೇಳುವುದು. ಮೊದಲ ಶಾಲೆಯಲ್ಲಿ ಕೇಳಿದ್ದಕ್ಕೆ ಅತಿ ಚಂದದ ಅಕ್ಷರದ ಪಟ್ಟಿಯನ್ನೇ ತಂದು ತೋರಿಸಿದ್ದರು. ಎರಡನೆಯ ಕಡೆ ಪಟ್ಟಿ ಯಾಕೆ ಅಂತ ನನ್ನನ್ನೇ ಕೇಳಿದ್ದರು. ಇಲ್ಲಿ ಅಕ್ಕೋರು ಎದ್ದು ಕಪಾಟಿನಿಂದ ಒಂದು ಪಟ್ಟಿ ತಂದರು, ರಟ್ಟು ಕಿತ್ತುಹೋದದ್ದು, ಹೆಸರಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಬಿಡಿಸಿದರು. ಎಡಗಡೆ ಪುಟದಲ್ಲಿ ಮಗುವಿನ ಅಕ್ಷರ, ಮೂರೇ ಸಾಲು. ಬಲಗಡೆ ಅಕ್ಕೋರ ಅಕ್ಷರ, ಪುಟ ತುಂಬ. "ಇದು ಅವಳು ಬಾಯಲ್ಲಿ ಹೇಳಿದ ಉತ್ತರ, ನಾನು ಬರೆದುಕೊಂಡೆ. ಅವಳಿಗೆ ಪಾಠ ಗೊತ್ತು, ಬರೆಯುವುದು ತಡ" ಅಂದರು.

ಕೆಂಪು ಶಾಯಿ ಹುಡುಕಿದೆ. ಇತ್ತು, ಆದರೆ ಮೂರು ಸಾಲಿನಲ್ಲಿ ಹತ್ತಕ್ಕೂ ಜಾಸ್ತಿ ತಪ್ಪಿದ್ದರೂ ಎರಡೇ ಚುಕ್ಕಿ. ಅದೂ ಅರ್ಕಾವತ್ತಿನ ಕೆಳಗೆ. ಯಾಕೆ ಅಂತ ಕೇಳಿದೆ. "ಈ ವಾರ ಅರ್ಕಾವತ್ತು ಒಂದನ್ನೇ ನೋಡುತ್ತೇನೆ. ಎಲ್ಲ ಗೀಚಿ ಕೊಟ್ಟರೆ ಯಾವುದನ್ನು ತಿದ್ದಿಕೊಳ್ಳಬೇಕು ಪಾಪ ಅದು?" ಅಂದರು. ಅವರಿಗೆ ಡಿಸ್ಲೆಕ್ಸಿಯಾ ಅನ್ನುವ ಶಬ್ದದ ಮೇಲೆ ಅಷ್ಟೇನೂ ವಿಶ್ವಾಸ ಇದ್ದ ಹಾಗೆ ಕಾಣಲಿಲ್ಲ. ತರಬೇತಿಯಲ್ಲಿ ಕೇಳಿದ್ದೇನೆ ಅಂದರು, ಅಷ್ಟೇ. ವರದಿ ಓದಲು ಮನೆಗೆ ಒಯ್ಯಬಹುದಾ ಅಂತ ಕೇಳಿ ಚೀಲಕ್ಕೆ ಹಾಕಿಕೊಂಡರು. ನಾವು ಮಾತಾಡುತ್ತಿದ್ದಾಗ ಮಾಣಿ ಹಲಸಿನ ಮರದ ಕೆಳಗೆ ನಾಲ್ಕು ಹುಡುಗರ ಜೊತೆ ಆಗಲೇ ಲಗೋರಿ ಆಡುತ್ತಿದ್ದ.

ಅಲ್ಲೇ ಸೇರಿಸಿದೆವು. ಮಾವ ಎರಡು ದಿನ ಮಾತು ಬಿಟ್ಟರು. ಪೇಟೆ ಶಾಲೆಗೆ ವರ್ಷಕ್ಕೆ ಅಷ್ಟು ಸಾವಿರ ಕೊಡಲು ತಯಾರಿದ್ದವರು ಬಿಸಿಯೂಟದ ಶಾಲೆಗೆ ಹಾಕಿದರು ಅಂತ ಊರಲ್ಲೂ ಮಾತಾಯಿತು. ಬಿಸಿಯೂಟ ಚೆನ್ನಾಗಿಯೇ ಇದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ, ಆ ದಿನ ಇವನು ನಾಲ್ಕು ಕಿಲೋಮೀಟರ್ ಓಡಿಕೊಂಡೇ ಹೋಗುತ್ತಾನೆ.

ಈಗ ಕುಂದು-ಕೊರತೆ. ಇಂಗ್ಲಿಷ್ ಸುಮಾರು, ಮನೆಯಲ್ಲಿ ನಾನೇ ನೋಡಬೇಕು. ಸಮೀಕ್ಷೆ, ಚುನಾವಣೆ, ತರಬೇತಿ ಅಂತ ಮಾಸ್ತರು ಹೋದ ದಿನ ಆರು ಏಳು ಎರಡೂ ಕ್ಲಾಸು ಒಟ್ಟಿಗೆ ಕೂರುತ್ತವೆ, ಆ ಗದ್ದಲದಲ್ಲಿ ಇವನು ಏನೂ ಕಲಿಯುವುದಿಲ್ಲ. ಜುಲೈನಲ್ಲಿ ಮಳೆ ರಜೆ ಮೇಲೆ ಮಳೆ ರಜೆ, ಬಂದಿದ್ದ ಓದು ಅರ್ಧ ಹೋಯಿತು. ವಿಶೇಷ ಅಗತ್ಯದ ಮಕ್ಕಳನ್ನು ನೋಡುವ ಸಂಪನ್ಮೂಲ ಶಿಕ್ಷಕರು ಅಂತ ಬ್ಲಾಕ್ ಮಟ್ಟದಲ್ಲಿ ಇರುತ್ತಾರೆ, ಇದು ಬಹಳ ಜನರಿಗೆ ಗೊತ್ತಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಆಫೀಸಿನ ಕಡೆ ಅಥವಾ ಬ್ಲಾಕ್ ಸಂಪನ್ಮೂಲ ಕೇಂದ್ರ ಅಂದರೆ ಬಿಆರ್‌ಸಿಯಲ್ಲಿ ವಿಚಾರಿಸಿ. ನಮಗೆ ಸಿಕ್ಕವರು ಒಳ್ಳೆಯವರು, ಆದರೆ ಸುತ್ತಬೇಕಾದ ಶಾಲೆ ಬಹಳ, ದಿನಾ ಬರುವವರಲ್ಲ. ದಿನದ ಕೆಲಸ ಕ್ಲಾಸಿನ ಅಕ್ಕೋರ ಮೇಲೆಯೇ. ಅದೇ ನನ್ನ ದೊಡ್ಡ ಹೆದರಿಕೆ. ಅಕ್ಕೋರಿಗೆ ವರ್ಗ ಆದರೆ? ಮರಳಿನ ತಟ್ಟೆಯ ಶಾಲೆಯಲ್ಲಿ ಒಂದು ವ್ಯವಸ್ಥೆ ಇತ್ತು. ಇಲ್ಲಿ ಒಬ್ಬ ಮನುಷ್ಯರು ಇದ್ದಾರೆ.

ಹಿಂದಿ ಮಾಸ್ತರು ನಾನು ಎಣಿಸದ ರೀತಿಯಲ್ಲಿ ಕೈ ಹಿಡಿದರು. ಮೊದಲ ಎರಡು ತಿಂಗಳು ಇವನಿಗೆ ಹಿಂದಿ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆಯಲು ಬಿಟ್ಟರು. ಭಾಷೆ ಕಿವಿಗೆ ಬರಲಿ, ಲಿಪಿ ಆಮೇಲೆ ಬರುತ್ತದೆ ಅಂತ. ಕ್ರಿಕೆಟ್ ಕಾಮೆಂಟರಿ ಕೇಳಿ ಕೇಳಿ ಇವನಿಗೆ ಹಿಂದಿ ಅರ್ಧ ಅರ್ಥ ಆಗುತ್ತದೆ, ಹಾಗಾಗಿ ಬಾಯಲ್ಲಿ ಕೇಳಿದರೆ ಕ್ಲಾಸಿನಲ್ಲಿ ಇವನೇ ಮುಂದೆ. ಬರೆಯುವುದು ಈಗ ಶುರು, ಗುಡಿಸಿನ ಗಲಾಟೆ ನಡೆಯುತ್ತಿದೆ.

ಕನ್ನಡ ಮೀಡಿಯಂನಲ್ಲೇ ಇಟ್ಟದ್ದಕ್ಕೂ ಬೈಸಿಕೊಂಡೆ. ನನ್ನ ಲೆಕ್ಕ ಇಷ್ಟೇ. ಕನ್ನಡದಲ್ಲಿ ಒಂದು ಅಕ್ಷರ ಗೊತ್ತಾದರೆ ಅದರ ಸದ್ದು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಇಂಗ್ಲಿಷಿನಲ್ಲಿ ಅದೇ ಅಕ್ಷರ ಪದಕ್ಕೊಂದು ಸದ್ದು ಮಾಡುತ್ತದೆ. ಕನ್ನಡದಲ್ಲಿ ಗುರುತು ಜಾಸ್ತಿ, ತಲೆಕಟ್ಟು, ಕೊಂಬು, ಏತ್ವ, ಒತ್ತು ಅಂತ ಮೇಲೆ ಕೆಳಗೆ ಪಕ್ಕದಲ್ಲಿ ಎಲ್ಲ ಕಡೆ ಇರುತ್ತದೆ, ಅದು ತಡ ಮಾಡಿಸುತ್ತದೆ, ಹೌದು. ಆದರೆ ಅಜ್ಜ ಅಜ್ಜಿ ಮಾತಾಡುವ ಭಾಷೆಯಲ್ಲಿ ವಿಜ್ಞಾನ ಕೇಳಿದರೆ ಕನಿಷ್ಠ ಪಾಠವಾದರೂ ಅರ್ಥ ಆಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಆಡುವವರ ಲೆಕ್ಕ ಬೇರೆ ಇರಬಹುದು.

ಕಾಗದ-ಪತ್ರದ ವಿಷಯ. ಇದರಲ್ಲಿ ನಾವು ತಡ ಮಾಡಿದೆವು, ನೀವು ಮಾಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಇಂಥ ಮಗುವನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಬೇಗ ಗುರುತಿಸಬೇಕು, ಅದಕ್ಕೆ ತಕ್ಕ ಹಾಗೆ ಕಲಿಸಬೇಕು ಅಂತ ಆ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಶೇಕಡಾ 40ಕ್ಕೆ ಕಡಿಮೆ ಇಲ್ಲದ ನ್ಯೂನತೆ ಅಂತ ಪ್ರಮಾಣಪತ್ರ ಆದರೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆ ಮಾಡಿಸಿದ ವರದಿ ಬೇರೆ, ವೈದ್ಯಕೀಯ ಪ್ರಾಧಿಕಾರದವರು ಕೊಡುವ ಪ್ರಮಾಣಪತ್ರ ಮತ್ತು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬೇರೆ. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದೂ ಆಯಿತು ಅಂತ ಒಂದು ವರ್ಷ ಕೂತಿದ್ದೆವು.

ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರು, ಭಾಷೆ ವಿಷಯದಲ್ಲಿ ರಿಯಾಯಿತಿ ಬೇಕೆಂದರೆ ಈ ಕಾಗದ ಬೇಕು. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚು ಅಂತ ಇದೆ, ಅಂದರೆ ಮೂರು ತಾಸಿನ ಪರೀಕ್ಷೆಗೆ ಇನ್ನೊಂದು ತಾಸು. ಸಿಬಿಎಸ್‌ಇಯಲ್ಲೂ ಇಂಥ ಸೌಲಭ್ಯ ಇದೆ, ಅಲ್ಲಿ ಇಂಥ ಮಕ್ಕಳು ಒಂದೇ ಭಾಷೆ ಓದಿದರೆ ಸಾಕು. ಎನ್‌ಐಓಎಸ್ ಅಂತ ಮುಕ್ತ ಶಾಲೆ ಇದೆ, ಹತ್ತನೇ ಕ್ಲಾಸಿಗೆ ಐದು ವಿಷಯ, ಆಯ್ಕೆ ಜಾಸ್ತಿ. ಪೇಟೆ ಶಾಲೆಗೆ ಹೋದಾಗ ಈ ಸೌಲಭ್ಯಗಳನ್ನು ನಿಮ್ಮಲ್ಲಿ ಯಾರಾದರೂ ಪಡೆದಿದ್ದಾರಾ ಅಂತ ಕೇಳಿ. ಆರುನೂರರ ಮೇಲೆ ತೆಗೆದವರ ಲೆಕ್ಕ ಫ್ಲೆಕ್ಸಿನಲ್ಲಿ ಇರುತ್ತದೆ. ಇದರ ಲೆಕ್ಕ ಕೇಳಿದಾಗ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿದರೆ ನಿಮಗೇ ತಿಳಿಯುತ್ತದೆ.

ಪಾಠಪುಸ್ತಕದಲ್ಲಿ ಇರುವ ಕ್ಯೂಆರ್ ಕೋಡಿನಿಂದ ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೋ ತೋರಿಸಬಹುದು, ನಮ್ಮ ಮನೆಯಲ್ಲಿ ಅದಕ್ಕೆ ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡದ ತುದಿಗೆ ಹೋಗಬೇಕು. ಅದರ ಬದಲು ನಾನು ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಡುತ್ತೇನೆ. ಅಡಿಕೆ ಸುಲಿಯುವಾಗ ಹಾಕಿದರೆ ಅಜ್ಜನೂ ಕೇಳುತ್ತಾರೆ. ಮಾವನಿಗೆ ಈಗ ಆರನೇ ಕ್ಲಾಸಿನ ಇತಿಹಾಸ ಪೂರ್ತಿ ಬರುತ್ತದೆ, ಶಾಲೆಯ ಮೇಲಿನ ಸಿಟ್ಟು ಇಳಿದದ್ದೂ ಹಾಗೆಯೇ ಅಂತ ಕಾಣುತ್ತದೆ.

ಓದು ಎಷ್ಟು ಸುಧಾರಿಸಿದೆ ಅಂದರೆ, ಅಡ್ಡಿಲ್ಲ ಅನ್ನುವಷ್ಟು. ಕರ್ನಾಟಕ ಸರಿಯಾಗಿ ಬರುತ್ತದೆ. "ಕಾರ್ಯಕ್ರಮ" ಇನ್ನೂ ಇಲ್ಲ, ಅದರಲ್ಲಿ ಅರ್ಕಾವತ್ತೂ ಇದೆ, ರ ಒತ್ತೂ ಇದೆ, ಅಲ್ಲಿಗೆ ಬಂದಾಗ ತಲೆ ಎತ್ತಿ ನನ್ನ ಮುಖ ನೋಡುತ್ತಾನೆ. ಹೊಟ್ಟೆನೋವು ಜೂನ್ ಆದ ಮೇಲೆ ಎರಡೇ ಸಲ ಬಂದಿದೆ, ಒಂದು ನಿಜವಾದದ್ದು, ಹಲಸಿನ ಹಣ್ಣು ತಿಂದು.

ನಕ್ಷತ್ರ ಕೊಡಬೇಕೆಂದರೆ ಅಕ್ಕೋರಿಗೆ ಐದು, ಹಿಂದಿ ಮಾಸ್ತರಿಗೆ ನಾಲ್ಕೂವರೆ, ಇಂಗ್ಲಿಷಿಗೆ ಎರಡು, ಬಿಸಿಯೂಟಕ್ಕೆ ನಾಲ್ಕು. ಶಾಲೆ ಏಳಕ್ಕೆ ಮುಗಿಯುತ್ತದೆ, ಎಂಟಕ್ಕೆ ಹೈಸ್ಕೂಲು ಹುಡುಕಲು ಮತ್ತೆ ಹೊರಡಬೇಕು, ಪಟ್ಟಿ ತೋರಿಸಿ ಅಂತ ಕೇಳುತ್ತಾ. ಅಷ್ಟರೊಳಗೆ ಇಲ್ಲಿ ಒಂದು ಕೆಲಸ ಇದೆ. ಹುಡುಗರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಒಬ್ಬ ಒಳಗೆ ಹೋದರೆ ಇನ್ನೊಬ್ಬ ಹೊರಗೆ ಹಿಡಿದುಕೊಂಡು ನಿಲ್ಲಬೇಕು. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡು ಸಲ ಹೇಳಿದೆ. ಈ ಶನಿವಾರ ನಮ್ಮನೆಯವರೇ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತಾರಂತೆ.